ಹಿಮ್ಮಡಿ ಯಾಕೆ ನೆಲಕ್ಕೆ ತಾಗುತ್ತಿಲ್ಲ?

ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಮೈಯ ಚಲನೆ ಕೆಡುವ ತೊಂದರೆ ಇರುವ ದೊಡ್ಡವರ ಎದುರು, ಸ್ಟ್ರೆಚಿಂಗ್ ಎಂಬ ಸ್ನಾಯು ಎಳೆಯುವ ವ್ಯಾಯಾಮದ ಬಗ್ಗೆ ಆಡಿದ ಮಾತು ಇದು. ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಕೂತಲ್ಲೇ ಮಾಡಬಹುದು. ವೀಲ್‌ಚೇರ್‌ನಲ್ಲಿರುವವರು ಫುಟ್‌ರೆಸ್ಟ್ ಪಕ್ಕಕ್ಕೆ ಸರಿಸಿಕೊಳ್ಳಿ. ಎರಡೂ ಪಾದ ನೆಲಕ್ಕೆ ಊರಿ. ಮಂಡಿಯಿಂದ ಕೆಳಗಿನ ಕಾಲು ನೆಟ್ಟಗಿರಲಿ. ಈಗ ಕಾಲಿಗೂ ಪಾದಕ್ಕೂ ನಡುವೆ ಬಡಗಿಯ ಮೂಲೆಮಟ್ಟ ಇಟ್ಟ ಹಾಗೆ ಒಂದು ಕೋನ ಇದೆ, ಅಲ್ವಾ? ಆ ಕೋನವನ್ನು ಕೆಡಿಸದೆ, ಹಾಗೇ ಹಿಡಿದುಕೊಂಡು, ಪಾದವನ್ನು ಕುರ್ಚಿಯ ಅಡಿಗೆ ಹಿಂದಕ್ಕೆ ಎಳೆದುಕೊಳ್ಳಿ.

ಹಿಮ್ಮಡಿ ಮೇಲೆದ್ದಿತು. ಮೀನಖಂಡ ಬಿಗಿಯಾಗಿದ್ದರಿಂದ ಎದ್ದಿತಾ? ಇಲ್ಲ. ಪಾದದ ಕೀಲಿನಲ್ಲಿ ಏನೂ ಬದಲಾಗಲಿಲ್ಲ. ಮಂಡಿ ಇನ್ನಷ್ಟು ಬಾಗಿತು, ಅಷ್ಟೇ. ಇದನ್ನೇ ನಿಂತುಕೊಂಡು ಯೋಚಿಸಿ. ಸೊಂಟ, ಮಂಡಿ ಎರಡೂ ಬಾಗಿದ್ದರೆ, ಪಾದದ ಕೀಲು ಸರಿಯಾಗಿದ್ದರೂ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ನೋಡುವವರು ಮಾತ್ರ ‘ಇವರು ತುದಿಗಾಲಲ್ಲಿ ನಡೀತಾರೆ, ಹಿಮ್ಮಡಿಯ ನರ ಎಳೆದಿದೆ’ ಅನ್ನುತ್ತಾರೆ.

ನಾನೂ ಹಾಗೇ ಅಂದವನು. ಫಿಸಿಯೋ ಆಗಿ ಹೊಸದರಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದರು. ಎರಡೂ ಕಾಲಿಗೆ ಸೆರೆಬ್ರಲ್ ಪಾಲ್ಸಿಯ ಬಿಗಿತ. ಮಂಡಿ ಬಾಗಿಸಿ, ಹಿಮ್ಮಡಿ ಎತ್ತಿ ನಡೆಯುತ್ತಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಹಿಮ್ಮಡಿ ಮಾತ್ರ. ಮರದ ಇಳಿಜಾರು ಹಲಗೆಯ ಮೇಲೆ ನಿಲ್ಲಲು ಹೇಳಿದೆ. ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ. ಅವರು ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕು ತಿಂಗಳಾದ ಮೇಲೆ ಪಾದದ ಕೀಲಿನ ಕೋನ ಅಳೆದೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ. ಆಗ ಹಳೆಯ ಹಾಳೆ ತೆಗೆದು ನೋಡಿದೆ. ಮೊದಲ ದಿನವೇ ಅದು ಬೇಕಾದಷ್ಟು ಇತ್ತು! ಗಿಡ್ಡವೇ ಆಗದ ಸ್ನಾಯುವನ್ನು ನಾಲ್ಕು ತಿಂಗಳು ಎಳೆಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಷ್ಟರಲ್ಲಿ ಅವರಿಗೆ ಮೆಟ್ಟಿಲು ಹತ್ತುವುದು ಮೊದಲಿಗಿಂತ ಕಷ್ಟವಾಗಿತ್ತು. ಅವರ ಕಥೆಗೆ ಆಮೇಲೆ ಬರುತ್ತೇನೆ.

‘ನರ’ ಅಂದೆನಲ್ಲ, ಆ ಪದದ ಬಗ್ಗೆ ಒಂದು ಮಾತು. ನಾವು ಮಾತಾಡುವಾಗ ಮಿದುಳಿನ ಸಂದೇಶ ಒಯ್ಯುವುದೂ ನರ, ಸ್ನಾಯುವಿನ ತುದಿಯಲ್ಲಿ ಹಗ್ಗದ ಹಾಗೆ ಕೈಗೆ ಸಿಗುವುದೂ ನರ. ಬೇರೆ ಕಡೆ ಇದರಿಂದ ತೊಂದರೆ ಇಲ್ಲ. ಸಿಪಿಯಲ್ಲಿ ಮಾತ್ರ ಎರಡನ್ನೂ ಬೇರೆ ಮಾಡಿಕೊಳ್ಳಲೇಬೇಕು. ಯಾಕೆಂದರೆ ಬಿಗಿತದಲ್ಲಿ ಎರಡು ಬಗೆ ಇದೆ.

ಒಂದು, ನರದ ಬಿಗಿತ. ಸ್ಪಾಸ್ಟಿಸಿಟಿ ಅನ್ನುವುದು ಇದನ್ನೇ. 1980ರಲ್ಲಿ ಜೇಮ್ಸ್ ಲ್ಯಾನ್ಸ್ ಎಂಬ ನರವೈದ್ಯರು ಇದಕ್ಕೆ ಕೊಟ್ಟ ವಿವರಣೆಯನ್ನು ಇವತ್ತಿಗೂ ಬಳಸುತ್ತೇವೆ. ಅದರ ತಿರುಳು ವೇಗ. ಸ್ನಾಯುವನ್ನು ಎಷ್ಟು ಬೇಗ ಎಳೆಯುತ್ತೀರೋ ಅಷ್ಟು ಜೋರಾಗಿ ಅದು ತಿರುಗಿ ಎಳೆಯುತ್ತದೆ. ನಿಧಾನಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಪಾದವನ್ನು ಸರಕ್ಕನೆ ಮೇಲಕ್ಕೆ ಒತ್ತಿದಾಗ ಕಾಲು ದಡದಡ ಕುಣಿಯುತ್ತದಲ್ಲ, ಅದು ಇದರದೇ ಆಟ.

ಇನ್ನೊಂದು, ಸ್ನಾಯುವಿನದೇ ಬಿಗಿತ. ಇಲ್ಲಿ ವೇಗದ ಪ್ರಶ್ನೆ ಇಲ್ಲ. ಎಷ್ಟು ನಿಧಾನಕ್ಕೆ ಎಳೆದರೂ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಸ್ನಾಯುವೇ ಗಿಡ್ಡವಾಗಿದೆ, ಗಡುಸಾಗಿದೆ. ಒಳಗೇನಾಗಿದೆ ಅಂದರೆ, ಸ್ನಾಯುವಿನ ಎಳೆಯಲ್ಲಿ ಸಾರ್ಕೊಮಿಯರ್ ಎಂಬ ಸಣ್ಣ ಸಣ್ಣ ಕೊಂಡಿಗಳು ಸರಪಳಿಯಂತೆ ಜೋಡಿಸಿಕೊಂಡಿರುತ್ತವೆ. ಒಂದೊಂದೂ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಉದ್ದ. ಸಿಪಿ ಇರುವವರ ಗಿಡ್ಡ ಸ್ನಾಯುವಿನ ತುಣುಕನ್ನು ಆಪರೇಷನ್ ಹೊತ್ತಿನಲ್ಲಿ ತೆಗೆದು ನೋಡಿದಾಗ ಕೊಂಡಿಗಳೇ ಗಿಡ್ಡವಾಗಿರುತ್ತವೆ ಅಂದುಕೊಳ್ಳುತ್ತೇವೆ. ಕಂಡದ್ದು ತಿರುವುಮುರುವು. ಒಂದೊಂದು ಕೊಂಡಿಯೂ ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗಿತ್ತು. ಅಂದರೆ ಸರಪಳಿಯಲ್ಲಿ ಕೊಂಡಿಗಳ ಸಂಖ್ಯೆಯೇ ಕಡಿಮೆ. ಇರುವ ನಾಲ್ಕು ಜನ ಹತ್ತು ಜನರ ಜಾಗ ತುಂಬಲು ಕೈ ಚಾಚಿ ನಿಂತ ಹಾಗೆ. ಜೊತೆಗೆ ಎಳೆಗಳ ಸುತ್ತ ಕಾಲಜೆನ್ ಎಂಬ ನಾರು ಹೆಚ್ಚಾಗಿರುತ್ತದೆ.

ಇದು ಗೊತ್ತಾದ ಮೇಲೆ ನನಗೆ ಸ್ಟ್ರೆಚಿಂಗ್ ಎಂಬ ಮಾತೇ ಬೇರೆಯಾಗಿ ಕೇಳಿಸತೊಡಗಿತು. ಆಗಲೇ ಹಿಗ್ಗಿ ನಿಂತಿರುವುದನ್ನು ನಾವು ಇನ್ನಷ್ಟು ಎಳೆಯುತ್ತಿದ್ದೇವೆ!

ನರದ ಬಿಗಿತ ಹೋದರೆ ಸ್ನಾಯುವಿನ ಬಿಗಿತವೂ ಹೋಗುತ್ತದೆ ಎಂದು ಬಹಳ ಕಾಲ ನಂಬಿದ್ದೆವು. ಬೆನ್ನುಹುರಿಗೆ ಹೋಗುವ ಕೆಲವು ನರಬೇರುಗಳನ್ನು ಆರಿಸಿ ಕತ್ತರಿಸುವ ಒಂದು ಆಪರೇಷನ್ ಇದೆ. ಅದಾದ ಮಕ್ಕಳನ್ನು ಹತ್ತು ವರ್ಷ ಗಮನಿಸಿದ್ದಾರೆ. ನರದ ಬಿಗಿತ ಇಳಿದದ್ದು ಇಳಿದೇ ಇತ್ತು. ಸ್ನಾಯುಗಳು ಮಾತ್ರ ಗಿಡ್ಡವಾಗುತ್ತಲೇ ಹೋಗಿದ್ದವು.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಹಿಮ್ಮಡಿಯ ಹುರಿ, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹಗ್ಗದಂಥದ್ದು, ಅದರ ಮೇಲೆ ನಮಗೆಲ್ಲ ಇಷ್ಟೊಂದು ಕಣ್ಣು ಯಾಕೆ? ಅದಕ್ಕೊಂದು ಹಳೆಯ ಕಥೆ ಇದೆ. ವಿಲಿಯಂ ಜಾನ್ ಲಿಟಲ್ ಎಂಬ ಇಂಗ್ಲಿಷ್ ವೈದ್ಯರಿದ್ದರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಒಂದು ಪಾದ ತಿರುಚಿಕೊಂಡಿತ್ತು. 1836ರಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಸ್ಟ್ರೋಮೆಯರ್ ಎಂಬ ಸರ್ಜನ್ ಕೈಯಲ್ಲಿ ಹಿಮ್ಮಡಿಯ ಹುರಿ ಕತ್ತರಿಸಿಕೊಂಡರು. ಪಾದ ಸರಿಹೋಯಿತು. ಊರಿಗೆ ಮರಳಿ ಅದೇ ಆಪರೇಷನ್ ತಾವೂ ಮಾಡತೊಡಗಿದರು. ಸಿಪಿಯನ್ನು ವಿವರವಾಗಿ ಬರೆದ ಮೊದಲಿಗರೂ ಅವರೇ. ಬಹಳ ಕಾಲ ಅದಕ್ಕೆ ‘ಲಿಟಲ್ ಕಾಯಿಲೆ’ ಎಂದೇ ಹೆಸರು. ಅವರ ಪಾದಕ್ಕೆ ಸರಿಹೊಂದಿದ ಉಪಾಯ ಅದು. ಪೋಲಿಯೋ ಪಾದ ಬೇರೆ, ಸಿಪಿ ಪಾದ ಬೇರೆ. ಎರಡೂ ಕಾಲಿಗೆ ಸಿಪಿ ಇರುವವರಲ್ಲಿ ಹಿಮ್ಮಡಿಯ ಹುರಿಯನ್ನು ಜಾಸ್ತಿ ಉದ್ದ ಮಾಡಿಬಿಟ್ಟರೆ, ಕೆಲವು ವರ್ಷಗಳಲ್ಲಿ ಮಂಡಿ ಕುಸಿದು ಕುಕ್ಕರಿಸಿದಂತೆ ನಡೆಯುವ ಅಪಾಯ ಇದೆ ಎಂದು ಈಗ ಸರ್ಜನ್‌ಗಳೇ ಎಚ್ಚರಿಸುತ್ತಾರೆ.

ಯಾಕೆ ಕುಸಿಯುತ್ತದೆ? ಮೀನಖಂಡದ ಕೆಲಸ ಬರೀ ಹಿಮ್ಮಡಿ ಎತ್ತುವುದಲ್ಲ. ನೀವು ಹೆಜ್ಜೆ ಊರಿ ಮೈಭಾರ ಹಾಕಿದಾಗ, ಮಂಡಿಯ ಕೆಳಗಿನ ಕಾಲು ಮುಂದಕ್ಕೆ ಬಿದ್ದುಹೋಗದಂತೆ ಹಿಂದಿನಿಂದ ಲಗಾಮು ಹಿಡಿಯುವುದು ಅದೇ. ಲಗಾಮು ಸಡಿಲವಾದರೆ ಕಾಲು ಮುಂದಕ್ಕೆ ಬಾಗುತ್ತದೆ, ಮಂಡಿ ಮಡಚುತ್ತದೆ, ತೊಡೆಯ ಮುಂಭಾಗ ಇಡೀ ದಿನ ಭಾರ ಹೊರುತ್ತದೆ.

ದೊಡ್ಡವರ ಮಾತಿಗೆ ಬರೋಣ. ಸಿಪಿ ಅಂದರೆ ಮಿದುಳಿಗೆ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಎಳವೆಯಲ್ಲೋ ಆದ ಪೆಟ್ಟು. ಆ ಪೆಟ್ಟು ಬೆಳೆಯುವುದಿಲ್ಲ. ಹಾಗಾದರೆ ನಡಿಗೆ ಯಾಕೆ ಕೆಡುತ್ತದೆ? ನಡೆಯುತ್ತಿದ್ದ ಸಿಪಿ ವಯಸ್ಕರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ನಡಿಗೆ ಕುಂದುತ್ತದೆ. ಅದೂ ಮುಪ್ಪಿನಲ್ಲಲ್ಲ, ಎಷ್ಟೋ ಜನರಿಗೆ ಮೂವತ್ತು ನಲವತ್ತರೊಳಗೇ. ಮೈತೂಕ ಏರುತ್ತದೆ, ಸ್ನಾಯುವಿನ ಬಲ ಇಳಿಯುತ್ತದೆ, ಕೀಲು ಸವೆಯುತ್ತದೆ, ನೋವು ಬರುತ್ತದೆ. ನೋವಿಗೆ ಹೆದರಿ ನಡೆಯುವುದು ಕಡಿಮೆ ಮಾಡುತ್ತೇವೆ. ಶಾಲೆ ಮುಗಿದ ಮೇಲೆ ಫಿಸಿಯೋ ಕೂಡ ನಿಂತಿರುತ್ತದೆ. ಉಳಿಯುವುದು ಚಿಕ್ಕಂದಿನಲ್ಲಿ ಹೇಳಿಕೊಟ್ಟ ನಾಲ್ಕು ಸ್ಟ್ರೆಚ್ ಮಾತ್ರ. ಎಂಟು ವರ್ಷದ ಮಗುವಿಗೆ ಬರೆದುಕೊಟ್ಟದ್ದನ್ನು ಮೂವತ್ತೆಂಟರಲ್ಲೂ ಮಾಡುತ್ತಿರುವವರನ್ನು ನಾನು ನೋಡಿದ್ದೇನೆ. ನಿಮ್ಮಲ್ಲೂ ಇದ್ದೀರಿ, ನಗುತ್ತಿರುವವರು.

ಆ ಸ್ಟ್ರೆಚ್‌ಗಳಿಂದ ಎಷ್ಟು ಉಪಯೋಗ? ಅಳೆದು ನೋಡಿದ್ದಾರೆ. 2017ರಲ್ಲಿ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಮೀಕ್ಷೆಯೊಂದು ಬಂತು. 49 ಅಧ್ಯಯನ, 2,135 ಜನ. ಸಿಪಿ ಒಂದೇ ಅಲ್ಲ, ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಎಲ್ಲ ಸೇರಿತ್ತು. ನರದ ತೊಂದರೆ ಇರುವವರಲ್ಲಿ ಸ್ಟ್ರೆಚಿಂಗ್‌ನಿಂದ ಕೀಲಿನ ಕೋನದಲ್ಲಿ ಸಿಕ್ಕ ಲಾಭ ಸರಾಸರಿ 2 ಡಿಗ್ರಿ ಮಾತ್ರ. ಅಳೆಯುವವರ ಕೈ ಸ್ವಲ್ಪ ಅಲುಗಿದರೂ ಅಷ್ಟು ವ್ಯತ್ಯಾಸ ಬರುತ್ತದೆ. ಆದರೆ ಅವರು ನೋಡಿದ್ದು ಏಳು ತಿಂಗಳೊಳಗಿನ ಪ್ರಯೋಗಗಳನ್ನು. ವರ್ಷಗಟ್ಟಲೆ ಮಾಡಿದರೆ ಏನು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಇದಕ್ಕಿಂತ ನನ್ನನ್ನು ಕಾಡಿದ್ದು 1988ರ ಒಂದು ಫ್ರೆಂಚ್ ಅಧ್ಯಯನ. ಸಿಪಿ ಇರುವ ಮಕ್ಕಳ ಮೀನಖಂಡದ ಒಳಸ್ನಾಯು ದಿನಕ್ಕೆ ಎಷ್ಟು ಹೊತ್ತು ಎಳೆತದಲ್ಲಿದ್ದರೆ ಗಿಡ್ಡವಾಗುವುದಿಲ್ಲ ಎಂದು ಲೆಕ್ಕ ಹಾಕಿದರು. ಆರು ಗಂಟೆ ಇದ್ದವರಲ್ಲಿ ಗಿಡ್ಡವಾಗಲಿಲ್ಲ. ಎರಡು ಗಂಟೆ ಇದ್ದವರಲ್ಲಿ ಆಯಿತು. ನಾವು ಹೇಳಿಕೊಡುವುದು ಎಷ್ಟು? ಮೂವತ್ತು ಸೆಕೆಂಡು, ಐದು ಸಲ. ಎರಡೂವರೆ ನಿಮಿಷ!

ಹಾಗಾದರೆ ಬಿಟ್ಟುಬಿಡೋಣವಾ? ಬೇಡ. ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಗೊತ್ತಿರಲಿ. ನಿಧಾನವಾದ ಎಳೆತದಿಂದ ನರದ ಬಿಗಿತ ಸ್ವಲ್ಪ ಹೊತ್ತು ಇಳಿಯುತ್ತದೆ. ಬೆಳಿಗ್ಗೆ ಮರಗಟ್ಟಿದ ಕಾಲು ಸಡಿಲವಾಗುತ್ತದೆ. ಬಟ್ಟೆ ಹಾಕಿಕೊಳ್ಳುವುದು, ಸ್ಪ್ಲಿಂಟ್ ಕಟ್ಟಿಕೊಳ್ಳುವುದು ಸುಲಭ. ರಾತ್ರಿ ಸೆಡೆತ ಕಡಿಮೆ ಎಂದು ಹಲವರು ಹೇಳುತ್ತಾರೆ. ಈ ಸಡಿಲಿಕೆ ಇರುವ ಹೊತ್ತಿನಲ್ಲಿ ಎದ್ದು ನಿಂತು, ನಡೆದು, ಆ ಸಿಕ್ಕ ಕೋನವನ್ನು ಬಳಸಿದರೆ ನಡಿಗೆಗೆ ಲಾಭ. ಸ್ಟ್ರೆಚ್ ಮುಗಿಸಿ ಮೊಬೈಲ್ ಹಿಡಿದು ಸೋಫಾದಲ್ಲಿ ಕೂತರೆ ಅದು ಅಲ್ಲಿಗೇ ಹೋಯಿತು.

ಈಗ ಒಂದೊಂದು ಜಾಗವನ್ನೇ ನೋಡೋಣ. ನಾನು ಸೊಂಟದ ಮುಂಭಾಗದಿಂದ ಶುರು ಮಾಡುತ್ತೇನೆ. ಬಹಳ ಜನ ಮರೆಯುವುದು ಇದನ್ನೇ. ದಿನವಿಡೀ ಕೂತಿರುವವರಲ್ಲಿ ತೊಡೆಸಂದಿನ ಮುಂದಿನ ಸ್ನಾಯುಗಳು ಗಿಡ್ಡವಾಗುತ್ತವೆ. ಎದ್ದು ನಿಂತಾಗ ಮೈ ಮುಂದಕ್ಕೆ ಬಾಗುತ್ತದೆ, ಇಲ್ಲವೇ ಬೆನ್ನು ಬಿಲ್ಲಿನಂತೆ ಒಳಕ್ಕೆ ಹೋಗುತ್ತದೆ. ಸುಲಭದ ಉಪಾಯ ಬೋರಲು ಮಲಗುವುದು. ಇಪ್ಪತ್ತು ನಿಮಿಷ. ಪಾದಗಳು ಹಾಸಿಗೆಯ ಅಂಚಿನಾಚೆ ಇಳಿಬಿದ್ದಿರಲಿ. ಸೊಂಟ ನೋಯುತ್ತಿದ್ದರೆ ಹೊಟ್ಟೆಯ ಕೆಳಗೆ ತೆಳ್ಳನೆಯ ದಿಂಬು. ಏನೂ ಎಳೆಯಬೇಕಿಲ್ಲ, ಮೈಭಾರವೇ ಎಳೆಯುತ್ತದೆ. ಬೋರಲು ಮಲಗಲು ಆಗದವರು ಮಂಚದ ಅಂಚಿನಲ್ಲಿ ಅಂಗಾತ ಮಲಗಿ, ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಂಡು, ಇನ್ನೊಂದು ಕಾಲನ್ನು ಚಾಚಿ ಬಿಡಬಹುದು. ಅಪ್ಪಿಕೊಳ್ಳುವುದು ಯಾಕೆಂದರೆ ಬೆನ್ನು ಹಾಸಿಗೆಗೆ ಅಂಟಿರಲಿ ಎಂದು. ಬೆನ್ನು ಎದ್ದರೆ ನೀವು ಎಳೆಯುತ್ತಿರುವುದು ಸೊಂಟದ ಸ್ನಾಯುವನ್ನಲ್ಲ, ಬೆನ್ನನ್ನು.

ಬೋರಲು ಮಲಗಿದಾಗಲೇ ಇನ್ನೊಂದನ್ನು ನೋಡಿಕೊಳ್ಳಿ. ಯಾರಾದರೂ ನಿಮ್ಮ ಮಂಡಿಯನ್ನು ನಿಧಾನಕ್ಕೆ ಮಡಚಲಿ. ಮಡಚುವಾಗ ಪೃಷ್ಠ ಮೇಲೆದ್ದರೆ ತೊಡೆಯ ಮುಂಭಾಗದ ಉದ್ದ ಸ್ನಾಯು ಬಿಗಿಯಾಗಿದೆ. ಕಾಲು ಮುಂದೆ ಬೀಸುವಾಗ ಮಂಡಿ ಮಡಚದೆ, ಬೆರಳ ತುದಿ ನೆಲಕ್ಕೆ ಉಜ್ಜುವವರಲ್ಲಿ ಇದು ಸಾಮಾನ್ಯ. ಅವರ ಶೂ ನೋಡಿ, ತುದಿ ಸವೆದಿರುತ್ತದೆ.

ತೊಡೆಯ ಹಿಂಭಾಗ, ಅಂದರೆ ಹ್ಯಾಮ್‌ಸ್ಟ್ರಿಂಗ್. ಮಂಡಿ ಬಾಗಿದ ಎಲ್ಲರಿಗೂ ಇದನ್ನು ಎಳೆಯಲು ಹೇಳುತ್ತಾರೆ. ಸ್ವಲ್ಪ ತಡೆಯಿರಿ. ಸೊಂಟದ ಮುಂಭಾಗ ಬಿಗಿಯಾಗಿ ಕಟಿ ಮುಂದಕ್ಕೆ ವಾಲಿದ್ದರೆ, ಹ್ಯಾಮ್‌ಸ್ಟ್ರಿಂಗ್ ಅದರ ಜೊತೆ ಮೇಲಕ್ಕೆ ಎಳೆದುಕೊಂಡು ಬಿಗಿಯಾಗಿ ಕಾಣುತ್ತದೆ. ಉದ್ದ ಮಾಮೂಲಿಯೇ ಇರಬಹುದು. ಪರೀಕ್ಷೆ ಹೀಗಿದೆ. ಅಂಗಾತ ಮಲಗಿ, ಒಂದು ತೊಡೆಯನ್ನು ನೆಟ್ಟಗೆ ಮೇಲೆತ್ತಿ, ಮಂಡಿ ಎಷ್ಟು ಬಿಚ್ಚುತ್ತದೆ ನೋಡಿ. ಆಮೇಲೆ ಇನ್ನೊಂದು ಕಾಲನ್ನೂ ಮಡಚಿ ಎದೆಯತ್ತ ತಂದು, ಮೊದಲಿನದನ್ನು ಮತ್ತೆ ಬಿಚ್ಚಿ. ಈಗ ತುಂಬ ಜಾಸ್ತಿ ಬಿಚ್ಚಿತಾ? ಹಾಗಿದ್ದರೆ ತಪ್ಪು ಹ್ಯಾಮ್‌ಸ್ಟ್ರಿಂಗ್‌ನದಲ್ಲ, ಸೊಂಟದ ಮುಂಭಾಗದ್ದು. ಬೋರಲು ಮಲಗುವುದಕ್ಕೇ ವಾಪಸ್ ಹೋಗಿ. ನಿಜವಾಗಿಯೂ ಗಿಡ್ಡವಾಗಿದ್ದರೆ ಬಾಗಿಲ ಚೌಕಟ್ಟಿನ ಪಕ್ಕ ಮಲಗಿ, ಒಂದು ಕಾಲನ್ನು ಗೋಡೆಗೆ ಒರಗಿಸಿ ಮೇಲಿಡಿ, ಇನ್ನೊಂದು ಬಾಗಿಲೊಳಗೆ ನೆಲದ ಮೇಲೆ ಚಾಚಿರಲಿ. ಕೂತು ಕಾಲ್ಬೆರಳು ಮುಟ್ಟಲು ಹೋಗುವುದು ನನಗೆ ಇಷ್ಟವಿಲ್ಲ. ಬೆನ್ನು ಗೂನಾಗುತ್ತದೆ, ಬೆರಳು ಸಿಗುತ್ತದೆ, ಸ್ನಾಯು ಇದ್ದಲ್ಲೇ ಇರುತ್ತದೆ.

ತೊಡೆಯ ಒಳಭಾಗ: ನಡೆಯುವಾಗ ಮಂಡಿಗೆ ಮಂಡಿ ಉಜ್ಜುವವರಿಗೆ ಬೇಕು. ಅಂಗಾತ ಮಲಗಿ, ಅಂಗಾಲಿಗೆ ಅಂಗಾಲು ಸೇರಿಸಿ, ಮಂಡಿಗಳನ್ನು ಅಗಲಕ್ಕೆ ಬಿಡಿ. ಹೊರಗೆ ದಿಂಬಿನ ಆಸರೆ ಇರಲಿ. ಯಾರೂ ಮೇಲಿಂದ ಒತ್ತಬಾರದು. ಸಿಪಿಯಲ್ಲಿ ಸೊಂಟದ ಕೀಲು ಗೂಡಿನಿಂದ ಸ್ವಲ್ಪ ಜಾರಿರುವುದುಂಟು. ಅದು ಗೊತ್ತಿಲ್ಲದೆ ಒತ್ತಿದರೆ ಕಷ್ಟ.

ಕೊನೆಗೆ ನಮ್ಮ ಮೀನಖಂಡ. ನಿಜವಾಗಿ ಗಿಡ್ಡವಾಗಿದ್ದರೆ ಖಂಡಿತ ಎಳೆಯಿರಿ. ಅದರಲ್ಲಿ ಎರಡು ಸ್ನಾಯು ಇದೆ. ಮೇಲಿನದು ಮಂಡಿಯನ್ನೂ ದಾಟಿ ಹೋಗುತ್ತದೆ, ಒಳಗಿನದು ದಾಟುವುದಿಲ್ಲ. ಮಂಡಿ ನೆಟ್ಟಗಿಟ್ಟಾಗ ಪಾದ ಮೇಲಕ್ಕೆ ಬರದೆ, ಮಂಡಿ ಮಡಚಿದಾಗ ಬಂದರೆ, ಬಿಗಿಯಾಗಿರುವುದು ಮೇಲಿನದು ಮಾತ್ರ. ಅದನ್ನು ಮಂಡಿ ನೆಟ್ಟಗಿಟ್ಟೇ ಎಳೆಯಬೇಕು.

ಇಲ್ಲಿ ಆಗುವ ದೊಡ್ಡ ಎಡವಟ್ಟು ಬೇರೆಯೇ. ಗೋಡೆ ಹಿಡಿದು ಹಿಂದಿನ ಕಾಲು ಚಾಚಿ ನಿಲ್ಲುತ್ತೀರಿ. ಮೀನಖಂಡ ಬಿಟ್ಟುಕೊಡುವುದಿಲ್ಲ. ಮೈಭಾರ ಎಲ್ಲಾದರೂ ಹೋಗಬೇಕಲ್ಲ? ಪಾದದ ನಡುಭಾಗ ಮುರಿದಂತೆ ಬಾಗುತ್ತದೆ. ಒಳಕಮಾನು ಚಪ್ಪಟೆಯಾಗುತ್ತದೆ, ಬೆರಳು ಹೊರಕ್ಕೆ ತಿರುಗುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿದಂತೆ ಕಾಣುತ್ತದೆ. ಎಳೆದದ್ದು ಸ್ನಾಯುವನ್ನಲ್ಲ, ಪಾದದ ಕಟ್ಟುಗಳನ್ನು. ಹೀಗೆ ವರ್ಷಗಟ್ಟಲೆ ಮಾಡಿದರೆ ಪಾದ ಚಪ್ಪಟೆಯಾಗಿ ನೋವು ಬರಬಹುದು. ಆದ್ದರಿಂದ ಬರಿಗಾಲಲ್ಲಿ ಬೇಡ. ಗಟ್ಟಿ ಶೂ ಹಾಕಿ. ಒಳಕಮಾನಿನ ಕೆಳಗೆ ಸುತ್ತಿದ ಸಣ್ಣ ಬಟ್ಟೆ ಇಡಿ. ಬೆರಳು ನೇರ, ಬೇಕಿದ್ದರೆ ಒಂಚೂರು ಒಳಮುಖ. ಮಂಡಿ ಎರಡನೇ ಬೆರಳ ನೇರಕ್ಕೆ ಹೋಗಲಿ.

ಎಲ್ಲಕ್ಕೂ ಒಂದೇ ಕ್ರಮ: ಮೊದಲು ಮೈ ಬೆಚ್ಚಗಿರಲಿ. ಬಿಸಿನೀರ ಸ್ನಾನವಾದ ಮೇಲೆ ಒಳ್ಳೆಯದು. ನಿಧಾನ, ಉಸಿರು ಬಿಡುತ್ತಾ, ಕುಕ್ಕದೆ. ಎಳೆತ ಗೊತ್ತಾಗಬೇಕು, ನೋವಾಗಬಾರದು. ನೋವಾದರೆ ನರದ ಬಿಗಿತ ಇನ್ನೂ ಏರುತ್ತದೆ. ಅಂದಹಾಗೆ, ಇದ್ದಕ್ಕಿದ್ದಂತೆ ಬಿಗಿತ ಜಾಸ್ತಿಯಾದ ದಿನ ಸ್ನಾಯುವನ್ನು ಬೈಯುವ ಮೊದಲು ಬೇರೆ ಕಡೆ ಹುಡುಕಿ. ಮಲಬದ್ಧತೆ, ಮೂತ್ರದ ಸೋಂಕು, ಕಚ್ಚುವ ಶೂ, ಚಳಿ, ನಿದ್ದೆಗೇಡು, ಇವುಗಳಲ್ಲಿ ಯಾವುದಾದರೂ ಇರಬಹುದು.

ಬಲದ ವ್ಯಾಯಾಮದ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧ. ಭಾರ ಎತ್ತಿಸಿದರೆ ಬಿಗಿತ ಹೆಚ್ಚುತ್ತದೆ ಎಂದು ನಮಗೆ ಕಾಲೇಜಿನಲ್ಲಿ ಹೆದರಿಸಿದ್ದರು. ಅದು ಸುಳ್ಳು ಎಂದು ಆಮೇಲೆ ಗೊತ್ತಾಯಿತು. ಸಿಪಿಯ ಸ್ನಾಯು ಬಿಗಿಯಾಗಿ ಕಂಡರೂ ಅದಕ್ಕೆ ಬಲ ಕಡಿಮೆ. ಕುರ್ಚಿಯಿಂದ ನಿಧಾನಕ್ಕೆ ಎದ್ದು, ಇನ್ನೂ ನಿಧಾನಕ್ಕೆ ಕೂರುವುದು. ಆಸರೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಮಲಗಿ ಸೊಂಟ ಎತ್ತುವುದು. ಇಳಿಸುವಾಗ ಸ್ನಾಯು ಕೆಲಸ ಮಾಡುತ್ತಲೇ ಉದ್ದವಾಗುತ್ತದೆ, ಅದೂ ಒಂದು ಸ್ಟ್ರೆಚ್. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷ ಚಟುವಟಿಕೆ, ಕನಿಷ್ಠ ಎರಡು ದಿನ ಬಲದ ವ್ಯಾಯಾಮ ಎಂದು ಹೇಳಿತು. ದಿನಕ್ಕೆ ಒಂದು ಗಂಟೆ ಸ್ಟ್ರೆಚ್ ಮಾಡಿ, ಸುಸ್ತಾಗಿ, ನಡೆಯಲು ಹೊತ್ತೇ ಇಲ್ಲ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ.

ಒಂದು ಎಚ್ಚರಿಕೆ. ಮಿದುಳಿನ ಪೆಟ್ಟು ಬೆಳೆಯುವುದಿಲ್ಲ ಅಂದೆ. ಆದ್ದರಿಂದ ಕೆಲವೇ ತಿಂಗಳಲ್ಲಿ ನಡಿಗೆ ಕೆಟ್ಟರೆ, ಕೈಯಲ್ಲಿ ಗುಂಡಿ ಹಾಕಲು ತಡವರಿಸಿದರೆ, ಮೂತ್ರದ ಹಿಡಿತ ಬದಲಾದರೆ, ‘ಸಿಪಿ ಅಲ್ವಾ, ವಯಸ್ಸಾಯ್ತು’ ಎಂದು ಸುಮ್ನೆ ಕೂರಬೇಡಿ. ಕತ್ತಿನಲ್ಲಿ ಬೆನ್ನುಹುರಿ ಒತ್ತಿಕೊಂಡಿರಬಹುದು. ಮೈ ತನ್ನಷ್ಟಕ್ಕೆ ತಿರುಚಿಕೊಳ್ಳುವ ಬಗೆಯ ಸಿಪಿ ಇರುವವರಲ್ಲಿ ಈ ಅಪಾಯ ಹೆಚ್ಚು. ಅದಕ್ಕೆ ಸ್ಟ್ರೆಚ್ ಮದ್ದಲ್ಲ, ಬೇಗ ಡಾಕ್ಟರ್ ನೋಡಬೇಕು. ನರದ ಬಿಗಿತ ಇಳಿಸುವ ಬ್ಯಾಕ್ಲೊಫೆನ್ ಔಷಧಿ ತೆಗೆದುಕೊಳ್ಳುವವರು ಅದನ್ನು ತಾವಾಗಿ ಒಮ್ಮೆಲೇ ನಿಲ್ಲಿಸಲೂಬೇಡಿ.

ಕೊನೆಯಲ್ಲಿ ಒಬ್ಬರು ಕೇಳಿದರು: ನನಗೆ ಸ್ಟ್ರೆಚ್ ಉಪಯೋಗವಾಗುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಕೋನ ಅಳೆಯಬೇಡಿ, ನಡಿಗೆ ಅಳೆಯಿರಿ. ಹತ್ತು ಮೀಟರ್ ಗುರುತು ಮಾಡಿ, ಎಷ್ಟು ಸೆಕೆಂಡು, ಎಷ್ಟು ಹೆಜ್ಜೆ ಬರೆದಿಡಿ. ಪಕ್ಕದಿಂದ ಒಂದು ವಿಡಿಯೋ. ಒಂದು ಸ್ಟ್ರೆಚ್ ಎರಡು ವಾರ ಬಿಟ್ಟು ನೋಡಿ, ಮತ್ತೆ ಅಳೆಯಿರಿ. ಬಿಟ್ಟಾಗ ಮೈ ಮರಗಟ್ಟಿದರೆ, ನೋವು ಬಂದರೆ, ಅದು ನಿಮಗೆ ಬೇಕಾದದ್ದು. ಏನೂ ಆಗದಿದ್ದರೆ ಆ ಹೊತ್ತನ್ನು ಬೇರೆಯದಕ್ಕೆ ಕೊಡಿ.

ಮೊದಲು ಹೇಳಿದ ಆ ಹೆಣ್ಣುಮಗಳು ಮಾಡಿದ್ದೂ ಇದನ್ನೇ. ಅವರ ಹಿಮ್ಮಡಿ ಎದ್ದಿದ್ದು ಸೊಂಟ ಬಾಗಿದ್ದರಿಂದ. ಹಲಗೆ ಬಿಡಿಸಿ, ಬೋರಲು ಮಲಗುವುದಕ್ಕೂ ಕುರ್ಚಿಯಿಂದ ಏಳುವುದಕ್ಕೂ ಹಾಕಿದೆ. ಆರು ತಿಂಗಳ ಮೇಲೆ ಮೆಟ್ಟಿಲು ಹತ್ತುವುದು ಹಿಂದಿನ ಮಟ್ಟಕ್ಕೆ ಬಂತು. ಈಗಲೂ ದಿನಾ ಇಪ್ಪತ್ತು ನಿಮಿಷ ಬೋರಲು ಮಲಗಿ ಓದುತ್ತಾರೆ. ಹಿಮ್ಮಡಿ ಇವತ್ತಿಗೂ ಪೂರ್ತಿ ನೆಲಕ್ಕೆ ತಾಗುವುದಿಲ್ಲ, ಅವರಿಗೆ ಅದರ ಚಿಂತೆಯೂ ಇಲ್ಲ. ಆ ಮರದ ಇಳಿಜಾರು ಹಲಗೆಯನ್ನು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಾರಂತೆ.